ಲೈವ್ ರಾಕ್ ಮೇಲೆ ಹೂಳು ಕೂತಿದೆ, ಕಲ್ಲು ಹೊರಗೆ ತೆಗೆದು ತೊಳೀಬೇಕಾ?

ಉಪ್ಪುನೀರು_ಬಸವನಗುಡಿ

ಎಲ್ರಿಗೂ ನಮಸ್ಕಾರ. ನಂದು ನಾಲ್ಕಡಿ ಮರೈನ್ ಟ್ಯಾಂಕು (ಉಪ್ಪುನೀರಿನ ಅಕ್ವೇರಿಯಂ), ಕೆಳಗಿರೋ ಫಿಲ್ಟರ್ ತೊಟ್ಟಿ ಅಂದ್ರೆ ಸಂಪ್ ಸೇರಿಸಿದ್ರೆ ಸುಮಾರು 300 ಲೀಟರ್ ನೀರು, ಶುರು ಮಾಡಿ ಎರಡು ವರ್ಷದ ಮೇಲಾಯ್ತು. ಒಳಗೆ ಮೀನು ಅಂದ್ರೆ ಎರಡು ಕ್ಲೌನ್, ಒಂದು ಫಾಕ್ಸ್‌ಫೇಸ್, ಒಂದು ರಾಯಲ್ ಗ್ರಾಮಾ. ಹವಳ ಅಂತ ದೊಡ್ಡದೇನಿಲ್ಲ, ಜೋವಾಂತಿಡ್, ಮಶ್ರೂಮ್, ಒಂದು ಲೆದರ್ ಅಷ್ಟೇ. ಕಲ್ಲು 25 ಕೆಜಿ ಹತ್ರ ಇದೆ, ಅದರಲ್ಲಿ ಅರ್ಧ ಹಳೇ ಲೈವ್ ರಾಕು (ಒಳಗೆ ಬ್ಯಾಕ್ಟೀರಿಯಾ, ಹುಳ ಎಲ್ಲ ಜೀವಂತ ಇರೋ ಕಲ್ಲು), ಒಬ್ರು ಟ್ಯಾಂಕ್ ಮುಚ್ಚುವಾಗ ಅವರಿಂದ ತಗೊಂಡಿದ್ದು, ಇನ್ನರ್ಧ ಡ್ರೈ ರಾಕ್, ಅಂದ್ರೆ ಜೀವ ಇಲ್ಲದ ಒಣ ಕಲ್ಲು, ತಂದು ಹಾಕಿದ್ದು.

ಸಮಸ್ಯೆ ಏನಂದ್ರೆ ಕಲ್ಲಿನ ಮೇಲೆ ಕಂದು ಬಣ್ಣದ ಪುಡಿ ಥರ ಗಲೀಜು ಕೂತ್ಕೊಂಡಿದೆ. ಮೇಲ್ಗಡೆ ಕಲ್ಲುಗಳು ಪರವಾಗಿಲ್ಲ, ಹಿಂದಿನ ಗಾಜಿಗೆ ಒರಗಿಸಿರೋ ಸಾಲು ಇದ್ಯಲ್ಲ ಅಲ್ಲಿ, ಆಮೇಲೆ ಎರಡು ಕಲ್ಲು ಸೇರೋ ಸಂದಿಗಳಲ್ಲಿ ಜಾಸ್ತಿ, ಕೈಯಲ್ಲಿ ಒಂಚೂರು ಬೀಸಿದ್ರೂ ಇಡೀ ಟ್ಯಾಂಕ್ ಮಬ್ಬಾಗುತ್ತೆ, ಅರ್ಧ ಗಂಟೆ ಬಿಟ್ಟು ಬಂದು ನೋಡಿದ್ರೆ ಎಲ್ಲ ವಾಪಸ್ ಅಲ್ಲೇ ಕೂತಿರುತ್ತೆ. ನೈಟ್ರೇಟ್ 45 ಪಿಪಿಎಂ ಆಸುಪಾಸು, ಫಾಸ್ಫೇಟ್ 0.3 ಪಿಪಿಎಂ. ವಾರ ವಾರ 10 ಪರ್ಸೆಂಟ್ ನೀರು ಬದಲಾಯಿಸ್ತೀನಿ, ಆದ್ರೂ ನೈಟ್ರೇಟ್ ಅಲ್ಲಾಡ್ತಾ ಇಲ್ಲ. ಈಗ ಕಲ್ಲಿನ ಮೇಲೆ ಹೇರ್ ಆಲ್ಗೆ (ಕೂದಲು ಥರದ ಪಾಚಿ) ಬೇರೆ ಶುರುವಾಗಿದೆ.

ಒಬ್ರು ಹೇಳ್ತಾರೆ ಕಲ್ಲೆಲ್ಲ ಹೊರಗೆ ತೆಗೆದು ನಲ್ಲಿ ಕೆಳಗೆ ಬ್ರಷ್ ಹಾಕಿ ಉಜ್ಜು ಅಂತ, ಇನ್ನೊಬ್ರು ಬಿಸಿನೀರು ಸುರಿದ್ರೆ ಆಲ್ಗೆನೂ ಹೋಗುತ್ತೆ ಅಂತಾರೆ, ಅಂಗಡಿಯವರು ಬಸವನಹುಳ ಜಾಸ್ತಿ ಬಿಡಿ ಅಂದ್ರು. ಯಾವುದು ಮಾಡ್ಲಿ? ಹೀಗೇ ಬಿಟ್ರೆ ಟ್ಯಾಂಕ್ ಕ್ರ್ಯಾಶ್ ಆಗುತ್ತಾ?

---

ಟ್ಯಾಂಕ್_ಮಾವ

ಮೂರೂ ಮಾಡ್ಬೇಡಿ.

ನಲ್ಲಿ ನೀರಿನ ವಿಷಯ ಮೊದಲು ಹೇಳ್ತೀನಿ. ಕಾವೇರಿ ನೀರಾದ್ರೆ ಕ್ಲೋರಿನ್ ಇರುತ್ತೆ, ಕ್ಲೋರಿನ್ ಇಲ್ದೆ ಬೋರ್ ನೀರೇ ಅಂತಿಟ್ಕೊಳ್ಳಿ, ಆದ್ರೂ ಸಿಹಿನೀರು ಬಿದ್ರೆ ಕಲ್ಲಿನೊಳಗಿರೋ ಹುಳ, ಪಾಡ್ಸ್ (ಸಿಗಡಿ ಜಾತಿಯ ಪುಟಾಣಿ ಜೀವಿಗಳು), ಸ್ಪಂಜು ಎಲ್ಲ ಸಾಯ್ತವೆ, ಸತ್ತಿದ್ದು ಒಳಗೇ ಕೊಳೀತಾ ಹೋಗುತ್ತೆ, ಆ ಕಲ್ಲನ್ನ ನೀವು ವಾಪಸ್ ಟ್ಯಾಂಕಿಗೆ ಹಾಕಿದ್ರೆ ಎರಡು ದಿನದಲ್ಲಿ ಅಮೋನಿಯಾ ಕಾಣಿಸ್ಕೊಳ್ಳುತ್ತೆ, ಅದನ್ನ ತಿನ್ನಬೇಕಾದ ಬ್ಯಾಕ್ಟೀರಿಯಾನೇ ನೀವು ನಲ್ಲಿ ಕೆಳಗೆ ಉಜ್ಜಿ ಹಾಕಿರ್ತೀರ. ಕಲ್ಲೇ ನಿಮ್ಮ ಫಿಲ್ಟರ್ ಅಲ್ವಾ. 1961ರಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನೋರು ಕಲ್ಲು, ಸಮುದ್ರದ ನೀರು, ಗಾಳಿ ಗುಳ್ಳೆ ಇಷ್ಟೇ ಇಟ್ಕೊಂಡು ಮರೈನ್ ಟ್ಯಾಂಕ್ ನಡೆಸೋದು ಹೇಗೆ ಅಂತ ಬರೆದಿದ್ರು, ಆಮೇಲೆ ಬರ್ಲಿನ್‌ನೋರು ಅದಕ್ಕೆ ಸ್ಕಿಮ್ಮರ್ (ನೊರೆ ಎಬ್ಬಿಸಿ ಗಲೀಜನ್ನ ಕಪ್‌ಗೆ ತೆಗೆಯೋ ಸಾಧನ) ಸೇರಿಸಿದ್ರು, ಇವತ್ತು ನಾವೆಲ್ಲ ಮಾಡ್ತಿರೋದು ಹೆಚ್ಚುಕಮ್ಮಿ ಅದನ್ನೇ.

ಈ ಹೂಳು ಅಂದ್ರೆ ಏನು, ಮೀನಿನ ಹೇಲು, ತಿನ್ನದೆ ಉಳಿದ ಫುಡ್ಡು, ಸತ್ತ ಆಲ್ಗೆ, ಜೊತೆಗೆ ಒಂದಿಷ್ಟು ಬ್ಯಾಕ್ಟೀರಿಯಾ. ಅದು ಕೂತಲ್ಲೇ ಕರಗಿ ಕರಗಿ ನೈಟ್ರೇಟ್ ಫಾಸ್ಫೇಟ್ ಆಗ್ತಿರುತ್ತೆ. ನೀವು 10 ಪರ್ಸೆಂಟ್ ನೀರು ಬದಲಾಯಿಸಿದ್ರೆ 45 ಇದ್ದಿದ್ದು ನಲವತ್ತು ಚಿಲ್ಲರೆಗೆ ಇಳಿಯುತ್ತೆ, ಅಷ್ಟನ್ನ ಈ ಗಲೀಜು, ಫಾಕ್ಸ್‌ಫೇಸು ಸೇರ್ಕೊಂಡು ಮುಂದಿನ ಭಾನುವಾರದೊಳಗೆ ವಾಪಸ್ ತುಂಬಿಸ್ತಾವೆ. ಅದಕ್ಕೇ ಅಲ್ಲಾಡ್ತಾ ಇಲ್ಲ. ನೀರು ಬದಲಾಯಿಸೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಅದೇ ನೀರಿನ ಜೊತೆ ಹೂಳನ್ನೂ ಹೊರಗೆ ಹಾಕ್ಬೇಕು.

ಹೇಗೆ ಅಂದ್ರೆ, ಟರ್ಕಿ ಬ್ಯಾಸ್ಟರ್ ಅಂತ ಬರುತ್ತೆ, ಉದ್ದ ಕೊಳವೆ, ತುದೀಲಿ ರಬ್ಬರ್ ಬಲ್ಬ್. ಆನ್‌ಲೈನ್‌ನಲ್ಲಿ ಸಿಗುತ್ತೆ. ಅದಿಲ್ಲ ಅಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ದೊಡ್ಡ ಸಿರಿಂಜು, 50–60 ಎಂಎಲ್‌ದು, ಅದರ ಮೂತಿಗೆ ಗಟ್ಟಿ ಏರ್‌ಲೈನ್ ಪೈಪ್ ಸಿಕ್ಕಿಸ್ಕೊಂಡ್ರೆ ಇನ್ನೂ ಚೆನ್ನಾಗಿ ಸಂದಿಗೆ ಹೋಗುತ್ತೆ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋ ಬಲ್ಬ್ ಸಿರಿಂಜ್ ಇರುತ್ತಲ್ಲ, ಅದೂ ಆಗುತ್ತೆ, ಆದ್ರೆ ಹೊಸದೇ ತಗೋಬೇಕು, ಬ್ಯಾಟರಿಗೆ ಮುಟ್ಟಿಸಿದ್ದನ್ನ ದಯವಿಟ್ಟು ಟ್ಯಾಂಕಿಗೆ ಮುಟ್ಟಿಸ್ಬೇಡಿ.

ನೀರು ಬದಲಾಯಿಸೋ ದಿನ ಮೊದಲು ಹೊಸ ನೀರು ರೆಡಿ ಇಟ್ಕೊಳ್ಳಿ, ಉಪ್ಪು 1.025 (ಸ್ಪೆಸಿಫಿಕ್ ಗ್ರಾವಿಟಿ), ಟೆಂಪರೇಚರ್ ಟ್ಯಾಂಕಿನಷ್ಟೇ. ಸಂಪಲ್ಲಿ ಹೊಸ ಫಿಲ್ಟರ್ ಸಾಕ್ಸ್ (ನೀರು ಸೋಸೋ ಬಟ್ಟೆ ಚೀಲ) ಹಾಕಿ, 200 ಮೈಕ್ರಾನ್ ಸಾಕು. ಆಮೇಲೆ ಕಲ್ಲಿನ ಮೇಲಿಂದ ಕೆಳಕ್ಕೆ ಪಿಚಕ್ ಪಿಚಕ್ ಅಂತ ಊದ್ತಾ ಬನ್ನಿ. ಒಂದೇ ದಿನ ಇಡೀ ಟ್ಯಾಂಕ್ ಬೇಡ, ಎಡಗಡೆ ಮೂರನೇ ಒಂದು ಭಾಗ ಈ ವಾರ, ಮಧ್ಯದ್ದು ಮುಂದಿನ ವಾರ, ಹಾಗೆ. ಎರಡು ವರ್ಷದ್ದು ಒಂದೇ ಸಲ ಎಬ್ಬಿಸಿದ್ರೆ ನೀರಲ್ಲಿ ಆಕ್ಸಿಜನ್ ಕಮ್ಮಿ ಆಗ್ಬಹುದು, ಮೀನು ಮೇಲೆ ಬಂದು ಬಾಯಿ ಆಡಿಸೋಕೆ ಶುರು ಮಾಡ್ತವೆ. ಊದಿ ಮುಗಿದ್ಮೇಲೆ ಕೆಳಗೆ ಕೂತಿದ್ದನ್ನ ಸೈಫನ್ ಮಾಡಿ ಹೊರಗೆ ಹಾಕಿ, ಆ 10–15 ಪರ್ಸೆಂಟ್ ನೀರು ಅದರಲ್ಲೇ ಹೋಗುತ್ತೆ. ಸಾಕ್ಸ್ ಮಾತ್ರ ಮಾರನೇ ದಿನ ತೆಗೀಲೇಬೇಕು. ಹಿಡಿದಿದ್ದನ್ನ ಅಲ್ಲೇ ನೆನೆಯೋಕೆ ಬಿಟ್ರೆ ಅದೂ ಕೊಳೆತು ನೈಟ್ರೇಟೇ ಆಗೋದು.

ಇನ್ನು ಬಸವನಹುಳ. ಆಲ್ಗೆ ತಿನ್ನೋಕೆ ಟ್ರೋಕಸ್ ಒಳ್ಳೇದು, ಇರ್ಲಿ. ಆದ್ರೆ ಹೂಳಿಗೆ ಅದು ಉತ್ತರ ಅಲ್ಲ, ಅದು ತಿಂದು ಹೇತ್ರೂ ಟ್ಯಾಂಕಲ್ಲೇ ತಾನೇ ಹೇಲೋದು.

---

ಉಪ್ಪುನೀರು_ಬಸವನಗುಡಿ

ಥ್ಯಾಂಕ್ಸ್ ಸರ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಒಂದು ಡೌಟು, ಊದುವಾಗ ವೇವ್‌ಮೇಕರ್ (ಟ್ಯಾಂಕೊಳಗೆ ನೀರು ತಿರುಗಿಸೋ ಪಂಪು) ಆನ್ ಇರ್ಬೇಕಾ ಆಫ್ ಇರ್ಬೇಕಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ. ಸ್ಕಿಮ್ಮರ್? ಆಮೇಲೆ ಜೋವಾಂತಿಡ್ ಮೇಲೆ ಗಲೀಜು ಬಿದ್ರೆ ತೊಂದ್ರೆ ಆಗುತ್ತಾ?

---

ಹುಬ್ಬಳ್ಳಿ_ರೀಫ್

ಸರ ಎರಡೂ ರೀತಿ ಮಾಡಬಹುದ್ರಿ, ಯಾವ ಗಲೀಜು ಅನ್ನೋದರ ಮ್ಯಾಲೆ. ಹಗೂರ ಪುಡಿ ಇದ್ರ ವೇವ್‌ಮೇಕರ್ ಚಾಲೂ ಇಡ್ರಿ, ಅದು ನೀರಾಗ ತೇಲಕೋತ ಓವರ್‌ಫ್ಲೋಕ್ಕ ಹೋಗಿ ಸಾಕ್ಸಿನ್ಯಾಗ ಬೀಳ್ತೈತಿ. ದಪ್ಪ ದಪ್ಪ ಹೂಳು ಇದ್ರ ವೇವ್‌ಮೇಕರ್ ಬಂದ್ ಮಾಡ್ರಿ, ಊದ್ರಿ, ಮರಳ ಮ್ಯಾಲೆ ಕೂಡ್ಲಿ, ಪೈಪ್ ಹಚ್ಚಿ ಜಗ್ಗಿಬಿಡ್ರಿ. ನಾ ಅಂತೂ ಒಂದು ಕೈಯಾಗ ಸೈಫನ್ ಪೈಪು, ಇನ್ನೊಂದು ಕೈಯಾಗ ಬಲ್ಬು ಹಿಡೀತೀನಿ, ಊದಿದಲ್ಲೇ ಜಗ್ಗೋದು, ಟ್ಯಾಂಕ್ ತುಂಬ ಹರಡಾಕ ಬಿಡೋದಿಲ್ಲ. ಸುಮ್ನ ಊದಿ ಬಿಟ್ರ ಮೊರ ಇಲ್ದ ಕಸ ಹೊಡದಂಗ ಆಗ್ತೈತ್ರಿ, ಈ ಮೂಲಿಯಿಂದ ಆ ಮೂಲಿಗೆ ಹೋಗ್ತೈತಿ ಅಷ್ಟ. ಸಂಪಿನಿಂದ ನೀರು ಮ್ಯಾಲೆ ಕಳಸೋ ರಿಟರ್ನ್ ಪಂಪ್ ಬಂದ್ ಮಾಡಬ್ಯಾಡ್ರಿ. ನೀರು ತಗದಾಗ ಸಂಪಿನ್ಯಾಗ ಲೆವಲ್ ಇಳೀತೈತಲ್ಲ, ಅದೊಂದು ಕಣ್ಣಿಡ್ರಿ, ಪಂಪು ಗಾಳಿ ಜಗ್ಗಬಾರ್ದು.

ಸ್ಕಿಮ್ಮರ್ ಚಾಲೂ ಇರ್ಲಿ, ಕಪ್ ಸ್ವಲ್ಪ ಮ್ಯಾಲೆ ಎತ್ತಿ ಇಡ್ರಿ ಇಲ್ಲಂದ್ರ ನೊರಿ ಉಕ್ಕಿ ಬರೋ ಸಾಧ್ಯತೆ ಐತಿ. ಜೋವಾಂತಿಡ್ ಒಂದು ತಾಸು ಮುಚ್ಕೊಂಡು ಕುಂಡ್ರತಾವ, ಗಲೀಜು ಬಿದ್ದದ್ದನ್ನ ಹಗೂರಕ ಊದಿ ತಗೀರಿ, ಅವು ಮತ್ತ ಅರಳ್ತಾವ. ಮಶ್ರೂಮಿನ ಬಾಯಾಗ ನೇರ ಊದಬ್ಯಾಡ್ರಿ.

ಆದ್ರ ನಾ ಹೇಳೋದು ಬ್ಯಾರೆ ಐತ್ರಿ. ನೀವು ಬರದಿದ್ದು ಮತ್ತೊಮ್ಮೆ ಓದ್ರಿ, ಹಿಂದಿನ ಗ್ಲಾಸಿಗೆ ಒರಗಿಸೀನಿ ಅಂದೀರಿ. ರೋಗದ ಮೂಲ ಅಲ್ಲೇ ಐತಿ. ಗೋಡಿ ಕಟ್ಟಿದಂಗ ಕಲ್ಲು ಒಟ್ಟಿದ್ರ ಅದರ ಹಿಂದ ನೀರು ತಿರಗೂದಿಲ್ಲ, ಗಲೀಜೆಲ್ಲ ಹೋಗಿ ಅಲ್ಲೇ ಕುಂಡ್ರತೈತಿ. ಗ್ಲಾಸಿಗೂ ಕಲ್ಲಿಗೂ ನಡುವ ಕಮ್ಮೀತ್ ಕಮ್ಮಿ ನಿಮ್ಮ ಅಂಗೈ ಹೋಗುವಷ್ಟು ಜಾಗ ಬಿಡ್ರಿ, ಸೈಫನ್ ಪೈಪೂ ಹೋಗ್ತೈತಿ, ಮ್ಯಾಗ್ನೆಟ್ ಕ್ಲೀನರೂ ಹೋಗ್ತೈತಿ. ಒಂದ ದೊಡ್ಡ ಗುಡ್ಡಾ ಮಾಡೋ ಬದ್ಲಿ ಎರಡು ಸಣ್ಣ ಗುಡ್ಡಾ ಮಾಡ್ರಿ, ನಡುವ ದಾರಿ ಇರ್ಲಿ. ಕೆಳಗಿನ ಕಲ್ಲು ಮರಳಿನ್ಯಾಗ ಪೂರ್ತಿ ಹೂತು ಹೋಗಿದ್ರ ಸಣ್ಣ ಕಲ್ಲಿನ ತುಂಡು ಕಾಲು ಕೊಟ್ಟು ಸ್ವಲ್ಪ ಎತ್ತರಿಸ್ರಿ.

ವೇವ್‌ಮೇಕರ್ ಎಷ್ಟು ಅದಾವು, ಎಷ್ಟು ಲೀಟರಿನವು? ಅದನ್ನ ಬರದೇ ಇಲ್ಲಲ್ರಿ ನೀವು.

---

ಉಪ್ಪುನೀರು_ಬಸವನಗುಡಿ

ಒಂದೇ ಇದೆ ಸರ್, ಬಲಗಡೆ ಗಾಜಿಗೆ, ಗಂಟೆಗೆ 3000 ಲೀಟರ್ ಅಂತ ಬರೆದಿದೆ. ರಿಟರ್ನ್ ಪಂಪು 2000ದ್ದು.

---

ಹುಬ್ಬಳ್ಳಿ_ರೀಫ್

ಅದ ಮತ್ತ! ಡಬ್ಬಿ ಮ್ಯಾಲೆ 2000 ಬರದಿದ್ರ ಪೈಪಿನ ಎತ್ತರ, ಎಲ್ಬೋ ಎಲ್ಲ ಕಳದು ಮ್ಯಾಲೆ ಬರೂದು ಅದಕಿಂತ ಎಷ್ಟೋ ಕಮ್ಮಿ. ಸಾಫ್ಟ್ ಕೋರಲ್ ಟ್ಯಾಂಕಿಗೂ ಒಂದು ತಾಸಿಗೆ ಟ್ಯಾಂಕಿನ ನೀರಿನ 20 ಪಟ್ಟು ತಿರಗಬೇಕ್ರಿ, ನಿಮ್ದು 250 ಲೀಟರ್ ಹಿಡಿದ್ರ 5000. ಎಡಗಡೆ ಇನ್ನೊಂದು ವೇವ್‌ಮೇಕರ್ ಹಾಕ್ರಿ, ಎರಡೂ ಎದುರು ಬದರು ಆಗಿ ನಡುವ ಡಿಕ್ಕಿ ಹೊಡದು ಹರಿವು ಒಡೀಬೇಕು, ಒಂದ ದಿಕ್ಕಿಗೆ ಬೀಸಿದ್ರ ಮತ್ತೊಂದು ಮೂಲ್ಯಾಗ ಗಲೀಜು ನಿಲ್ತೈತಿ. ಒಂದನ್ನ ಕಲ್ಲಿನ ಹಿಂದಿನ ಸಂದಿ ಕಡೆ ಮುಖ ಮಾಡ್ರಿ. ಲೆದರ್‌ಗೆ ನೇರ ಹೊಡೀಬಾರ್ದು ಅಷ್ಟ. ಹಳೇ ವೇವ್‌ಮೇಕರ್ ಬಿಚ್ಚಿ ವಿನೆಗರ್ ನೀರಾಗ ಒಂದು ರಾತ್ರಿ ಇಟ್ಟು ತೊಳೀರಿ, ಇಂಪೆಲ್ಲರ್‌ಗೆ ಸುಣ್ಣದ ಪದರು ಕಟ್ಟಿದ್ರ ಅರ್ಧ ಜೋರೂ ಇರೂದಿಲ್ಲ.

---

ಲ್ಯಾಬ್_ಲಕ್ಷ್ಮಿ

ಮೇಲೆ ಬಿಸಿನೀರಿನ ಸಲಹೆ ಬಗ್ಗೆ ಟ್ಯಾಂಕ್ ಮಾವ ಅವ್ರು ಬೇಡ ಅಂತಷ್ಟೇ ಹೇಳಿ ಮುಂದೆ ಹೋಗ್ಬಿಟ್ರು, ಅದನ್ನ ಸ್ವಲ್ಪ ಜೋರಾಗೇ ಹೇಳ್ಬೇಕು ಅನ್ಸುತ್ತೆ ಯಾಕಂದ್ರೆ ಇದನ್ನ ಓದಿ ಇನ್ಯಾರೋ ಮಾಡೋದು ಬೇಡ.

ಜೋವಾಂತಿಡ್, ಅದರಲ್ಲೂ ಪಾಲಿಥೋವಾ ಜಾತಿಯವು, ಕೆಲವುದ್ರಲ್ಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರುತ್ತೆ. ಪ್ರಾಣಿಗಳಲ್ಲಿ ಸಿಗೋ ಅತ್ಯಂತ ಘೋರ ವಿಷಗಳಲ್ಲಿ ಅದೂ ಒಂದು. ಅಂಥ ಕಲ್ಲಿನ ಮೇಲೆ ಕುದಿಯೋ ನೀರು ಸುರಿದ್ರೆ ಅಥವಾ ಕಲ್ಲನ್ನ ಪಾತ್ರೇಲಿ ಹಾಕಿ ಕುದಿಸಿದ್ರೆ ಆ ಆವಿ ಜೊತೆ ವಿಷ ಗಾಳಿಗೆ ಬರುತ್ತೆ, ಅದನ್ನ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿರೋ ಕೇಸ್‌ಗಳು ಹೊರದೇಶಗಳಲ್ಲಿ ದಾಖಲಾಗಿವೆ, ಸಾಕಿದ ನಾಯಿಗಳೂ ಹುಷಾರು ತಪ್ಪಿವೆ. ಜ್ವರ, ಕೆಮ್ಮು, ಉಸಿರು ಕಟ್ಟೋದು, ಬಾಯಲ್ಲಿ ಕಹಿ ಅಥವಾ ಲೋಹದ ರುಚಿ ಹೀಗೆ ಶುರುವಾಗುತ್ತೆ. ಬ್ರಷ್ ಹಾಕಿ ಉಜ್ಜುವಾಗ ಹಾರೋ ಹನಿ ಕಣ್ಣಿಗೆ ಬಿದ್ರೂ ಕಣ್ಣೇ ಹಾಳಾಗ್ಬಹುದು. ಯಾವ ಜೋವಾಂತಿಡ್‌ನಲ್ಲಿ ಎಷ್ಟಿದೆ ಅಂತ ನೋಡಿ ಹೇಳೋಕಾಗಲ್ಲ, ಹಾಗಾಗಿ ಎಲ್ಲದ್ರಲ್ಲೂ ಇದೆ ಅಂದ್ಕೊಂಡೇ ಕೆಲಸ ಮಾಡಿ. ಟ್ಯಾಂಕ್ ಒಳಗೆ ಊದುವಾಗ ಭಯ ಇಲ್ಲ, ಆದ್ರೂ ಉದ್ದದ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ, ಕೈಯಲ್ಲಿ ಗಾಯ ಇದ್ರೆ ಬೇರೆಯವರ ಕೈಲಿ ಮಾಡಿಸಿ. ಸೈಫನ್ ಪೈಪ್ ಬಾಯಲ್ಲಿ ಎಳೆಯೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಹಿಸುಕಿದ್ರೆ ನೀರು ಬರೋ ಬಲ್ಬ್ ಇರೋ ಪೈಪ್ ಸಿಗುತ್ತೆ.

ಇನ್ನೊಂದು, ಊದೋ ಮೊದಲು ಅದು ಹೂಳೇ ಹೌದಾ ನೋಡ್ಕೊಳ್ಳಿ. ಪುಡಿ ಪುಡಿಯಾಗಿ ಎದ್ದು ಹೋದ್ರೆ ಹೂಳು. ಕೆಂಪು-ನೇರಳೆ ಬಣ್ಣದ ಪೊರೆ ಥರ ಇದ್ದು ಊದಿದಾಗ ಹಾಳೆ ಹಾಳೆಯಾಗಿ ಕಿತ್ತು ಬಂದ್ರೆ ಅದು ಸಯನೋಬ್ಯಾಕ್ಟೀರಿಯಾ. ಕಂದು ಬಣ್ಣದ ಲೋಳೆ, ಎಳೆ ಎಳೆ, ತುದೀಲಿ ಗಾಳಿ ಗುಳ್ಳೆ, ರಾತ್ರಿ ಲೈಟ್ ಆರಿದ್ಮೇಲೆ ಕಮ್ಮಿಯಾಗಿ ಬೆಳಿಗ್ಗೆ ಲೈಟ್ ಬಂದ್ಮೇಲೆ ಮತ್ತೆ ಜಾಸ್ತಿ ಆಗ್ತಿದ್ರೆ ಡೈನೋಫ್ಲಾಜೆಲೇಟ್ (ಒಂಥರ ಸೂಕ್ಷ್ಮ ಪಾಚಿ) ಇರ್ಬಹುದು. ನಿಮ್ಮ ನೈಟ್ರೇಟ್ 45 ಅಂದ್ರೆ ಡೈನೋ ಸಾಧ್ಯತೆ ಕಮ್ಮಿ, ಅದು ಸಾಮಾನ್ಯವಾಗಿ ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಗೆ ಬಂದಿರೋ ಟ್ಯಾಂಕ್‌ಗಳಲ್ಲೇ ತಲೆ ಎತ್ತೋದು. ಅದಕ್ಕೇ ಕ್ಲೀನಿಂಗ್ ಹುಚ್ಚಲ್ಲಿ ಸೊನ್ನೆ ಮಾಡೋಕೆ ಹೋಗ್ಬೇಡಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1, ಸಾಫ್ಟ್ ಕೋರಲ್‌ಗೆ ಅಷ್ಟಿದ್ರೆ ಆರಾಮಾಗಿರ್ತವೆ.

---

ಒಣಕಲ್ಲು

ಎಲ್ರೂ ಊದಿ ಊದಿ ಅಂತಿದ್ದೀರ, ಒಪ್ಕೋತೀನಿ, ಆದ್ರೆ ಫಾಸ್ಫೇಟ್ 0.3 ಅನ್ನೋದು ಬರೀ ಹೂಳಿನ ಲೆಕ್ಕ ಅಲ್ಲ ಸ್ವಾಮಿ. ಕಲ್ಲು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ನೀರಲ್ಲಿರೋ ಫಾಸ್ಫೇಟನ್ನ ಮೈಗೆ ಹಿಡಿದಿಟ್ಕೊಳ್ಳುತ್ತೆ. ನೀರಲ್ಲಿ ಫಾಸ್ಫೇಟ್ ಕಮ್ಮಿ ಮಾಡಿದ ತಕ್ಷಣ ಕಲ್ಲಿಂದ ನಿಧಾನಕ್ಕೆ ವಾಪಸ್ ಬಿಡೋಕೆ ಶುರು ಮಾಡುತ್ತೆ. ಹಾಗಾಗಿ ಎಷ್ಟು ಊದಿದ್ರೂ ಸ್ವಲ್ಪ ಕಾಲ ರೀಡಿಂಗ್ ಹಠ ಹಿಡಿಯುತ್ತೆ, ಆಗ ಕಂಗಾಲಾಗ್ಬೇಡಿ. ಜಿಎಫ್‌ಓ (ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಹರಳು) ಸ್ವಲ್ಪ ಸ್ವಲ್ಪ ಹಾಕಿ ಇಳಿಸ್ಕೊಂಡು ಬನ್ನಿ, ಡಬ್ಬೀಲಿ ಬರೆದಿರೋದ್ರಲ್ಲಿ ಅರ್ಧದಿಂದ ಶುರು ಮಾಡಿ, ಒಂದೇ ವಾರಕ್ಕೆ 0.3ರಿಂದ ತಳಕ್ಕೆ ತಂದ್ರೆ ಹವಳಗಳು ಬೇಜಾರು ಮಾಡ್ಕೊಳ್ತವೆ.

ಎರಡನೇದು, ಕಲ್ಲು ಹೊರಗೆ ತೆಗೀಲೇಬಾರ್ದು ಅನ್ನೋದನ್ನ ನಾನು ಒಪ್ಪಲ್ಲ. ಹೇರ್ ಆಲ್ಗೆ ದಟ್ಟವಾಗಿ ಬಂದಿರೋ, ಹವಳ ಯಾವುದೂ ಅಂಟಿಕೊಂಡಿಲ್ಲದ ಒಂದೆರಡು ಕಲ್ಲು ಇದ್ರೆ ಆರಾಮಾಗಿ ತೆಗೀರಿ. ಟ್ಯಾಂಕಿಂದ ತೆಗೆದ ಹಳೇ ನೀರನ್ನ ಎರಡು ಬಕೆಟ್‌ಗೆ ತುಂಬ್ಕೊಳ್ಳಿ, ಮೊದಲನೇ ಬಕೆಟ್‌ನಲ್ಲಿ ಕಲ್ಲನ್ನ ಮುಳುಗಿಸಿ ಜೋರಾಗಿ ಜಾಲಾಡ್ಸಿ, ಆಲ್ಗೆ ಕೈಯಲ್ಲೇ ಕಿತ್ತು ಹಾಕಿ, ಬೇಕಾದ್ರೆ ಹಳೇ ಟೂತ್‌ಬ್ರಷ್‌ನಲ್ಲಿ ನೀರಿನೊಳಗೇ ಉಜ್ಜಿ, ಎರಡನೇ ಬಕೆಟ್‌ನಲ್ಲಿ ಇನ್ನೊಂದ್ಸಲ ಜಾಲಾಡ್ಸಿ ವಾಪಸ್ ಇಡಿ. ಮೊದಲನೇ ಬಕೆಟ್ ತಳ ನೋಡಿದ್ರೆ ಗೊತ್ತಾಗುತ್ತೆ ಒಂದು ಕಲ್ಲಿನ ಹೊಟ್ಟೇಲಿ ಎಷ್ಟಿತ್ತು ಅಂತ, ಕಾಫಿ ಬಣ್ಣದ ನೀರು, ಕೆಳಗೆ ಬೂದು ಬಣ್ಣದ ಮಂದ ಪದರ, ಅದರಲ್ಲಿ ಒಂದೆರಡು ಬ್ರಿಸಲ್ ವರ್ಮ್ ಒದ್ದಾಡ್ತಿರ್ತವೆ, ಅವನ್ನ ಎತ್ತಿ ಟ್ಯಾಂಕಿಗೇ ಬಿಡಿ, ಬರಿಗೈಲಿ ಹಿಡೀಬೇಡಿ, ಮುಳ್ಳು ಚುಚ್ಚಿ ಉರಿಯುತ್ತೆ. ಕಲ್ಲು ಹೊರಗಡೆ ಗಾಳೀಲಿ ಸ್ವಲ್ಪ ನಿಮಿಷ ಇದ್ರೆ ಏನಾಗಲ್ಲ, ಒಣಗೋಕೆ ಮಾತ್ರ ಬಿಡ್ಬೇಡಿ.

ಇಡೀ ಕಲ್ಲೇ ಹಾಳಾಗಿದೆ ಅನ್ನೋರಿಗೆ ಕುಕಿಂಗ್ ಅಂತ ಒಂದಿದೆ, ಹೆಸರು ನೋಡಿ ಒಲೆ ಮೇಲೆ ಇಡ್ಬೇಡಿ ಮತ್ತೆ, ಲಕ್ಷ್ಮಿ ಮೇಡಂ ಹೇಳಿದ್ದು ಓದ್ಕೊಳ್ಳಿ. ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಲ್ಲಿ ಉಪ್ಪುನೀರು, ಹೀಟರು, ಒಂದು ವೇವ್‌ಮೇಕರು, ಲೈಟ್ ಪೂರ್ತಿ ಬಂದ್, ವಾರಕ್ಕೊಮ್ಮೆ ಕಲ್ಲು ಜಾಲಾಡ್ಸಿ ನೀರು ಬದಲಾಯಿಸೋದು, ಹೀಗೆ ಎರಡು ತಿಂಗಳು. ಬೆಳಕಿಲ್ದೆ ಆಲ್ಗೆ ಸಾಯುತ್ತೆ, ಬ್ಯಾಕ್ಟೀರಿಯಾ ಬದುಕಿರುತ್ತೆ, ಒಳಗಿನ ಹೂಳು ತಾನಾಗೇ ಉದುರುತ್ತೆ. ನಿಮ್ಮ ಟ್ಯಾಂಕಿಗೆ ಅಷ್ಟೆಲ್ಲ ಬೇಡ. ಬ್ಲೀಚು, ಬಾತ್‌ರೂಮ್ ತೊಳೆಯೋ ಆಸಿಡ್ಡು ಇವೆಲ್ಲ ಪೂರ್ತಿ ಸತ್ತ ಒಣ ಕಲ್ಲಿಗೆ ಮಾತ್ರ, ಮನೆ ಹೊರಗೆ, ಒಂದು ಮುಗಿಸಿ ಚೆನ್ನಾಗಿ ತೊಳೆದ್ಮೇಲೆ ಇನ್ನೊಂದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ.

---

ಟ್ಯಾಂಕ್_ಮಾವ

ಒಣಕಲ್ಲು ಹೇಳಿದ ಬಕೆಟ್ ವಿಧಾನ ಸರಿಯಾಗೇ ಇದೆ, ನಾನು ಬೇಡ ಅಂದಿದ್ದು ನಲ್ಲಿ ನೀರಿಗೆ. ಒಂದು ಸಲಕ್ಕೆ ಎರಡು ಮೂರು ಕಲ್ಲಿಗಿಂತ ಜಾಸ್ತಿ ಬೇಡ ಅಂತ ಮಾತ್ರ ಸೇರಿಸ್ತೀನಿ. ಮರಳಲ್ಲಿ ಹೂತಿರೋ ಕಲ್ಲು ಎತ್ತುವಾಗ ಕೆಳಗೆ ಕಪ್ಪಗಿದ್ದು ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅಲ್ಲೇ ನಿಲ್ಲಿಸಿ, ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಆ ಜಾಗದಲ್ಲಿ ಸೈಫನ್ ಹಿಡ್ಕೊಂಡೇ ನಿಧಾನಕ್ಕೆ ಎತ್ತಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಗಾಳಿ ಗುಳ್ಳೆಗೆ ಏರ್ ಸ್ಟೋನ್ ಬಿಡಿ.

---

ಕುಡ್ಲ_ಕಡಲು

ಎಲ್ಲ ಸರಿ ಮಾರಾಯ್ರೆ, ಆದ್ರೆ ಹೊಸಬರು ಇದನ್ನೆಲ್ಲ ಓದಿ ಪುಡಿ ಕಂಡ ಕೂಡ್ಲೆ ಹೆದರ್ಲಿಕ್ಕೆ ಉಂಟು. ಹಳೇ ಲೈವ್ ರಾಕ್ ತನ್ನಷ್ಟಕ್ಕೆ ಹೂಳು ಹೊರಗೆ ಹಾಕ್ತದೆ. ಒಳಗಿನ ಹುಳಗಳು, ಬ್ಯಾಕ್ಟೀರಿಯಾ ಎಲ್ಲ ಸೇರಿ ತೂತುಗಳಿಂದ ತಳ್ಳುವುದು ಅದು. ಬೆಳಿಗ್ಗೆ ಎದ್ದು ನೋಡಿದ್ರೆ ಕಲ್ಲಿನ ಕೆಳಗೆ ಮರಳಿನ ಮೇಲೆ ಸಣ್ಣ ಸಣ್ಣ ಬೂದು ಗುಪ್ಪೆ ಉಂಟಲ್ಲ, ಅದೇ. ಅಂದ್ರೆ ಕಲ್ಲು ಜೀವಂತ ಉಂಟು ಅಂತ ಅರ್ಥ. ರಾತ್ರಿ ಲೈಟ್ ಆರಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ, ಆ ಪುಡಿಯ ಮೇಲೆಯೇ ಸಿಗಡಿ ಹಾಗಿನ ಪುಟ್ಟ ಆಂಫಿಪಾಡ್‌ಗಳು ಓಡಾಡಿಕೊಂಡು ಇರ್ತವೆ, ಸಂದಿಯಿಂದ ಬ್ರಿಸಲ್ ವರ್ಮ್ ಅರ್ಧ ಮೈ ಹೊರಗೆ ಹಾಕಿ ಮೇಯ್ತಾ ಇರ್ತದೆ. ಪುಡಿ ಒಂದು ಚೂರೂ ಇಲ್ಲದ ಹಾಗೆ ಮಾಡಿದ್ರೆ ಅವುಗಳಿಗೆ ತಿನ್ಲಿಕ್ಕೆ ಎಂತ ಉಂಟು? ಕಣ್ಣಿಗೆ ರಾಶಿ ಕಾಣುವುದನ್ನು ತೆಗೀರಿ, ಬಾಕಿದ್ದು ಬಿಡಿ.

ಮತ್ತೆ ಹೂಳು ಬರುವ ಬಾಗಿಲನ್ನೂ ನೋಡ್ಬೇಕಲ್ಲ. ನೀವು ಎಂತ ತಿನ್ನಿಸುವುದು? ಮಾರ್ಕೆಟಿನ ಸಿಗಡಿ ಅರೆದು ಹಾಕುವವರು ತುಂಬ ಜನ ಉಂಟು, ಆ ರಸ ಪೂರ್ತಿ ನೀರಿಗೆ ಹೋಗ್ತದೆ. ಫ್ರೋಜನ್ ಆದ್ರೆ ಬಲೆಯಲ್ಲಿ ಹಾಕಿ ಆರ್‌ಓ ನೀರಲ್ಲಿ ತೊಳೆದು ಆ ನೀರು ಚೆಲ್ಲಿ ಮತ್ತೆ ಹಾಕಿ. ಆರ್‌ಓ ಅಂದ್ರೆ ನೆನಪಾಯ್ತು, ನೀರಿಗೆ ಎಂತ ಬಳಸುವುದು ನೀವು? ಅಡುಗೆಮನೆಯ ಆರ್‌ಓದಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಸ್ವಲ್ಪ ವಾಪಸ್ ಸೇರಿಸ್ತಾರೆ, ಮೀಟರ್ ಇಟ್ರೆ 40–50 ತೋರಿಸ್ತದೆ. ಅದರ ಮುಂದೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಫಿಲ್ಟರ್) ಹಾಕಿ ಸೊನ್ನೆ ಮಾಡಿ. ಇಲ್ಲದಿದ್ರೆ ವಾರ ವಾರ ಬದಲಾಯಿಸುವ ನೀರಲ್ಲೇ ನೈಟ್ರೇಟ್, ಸಿಲಿಕೇಟ್ ಬರ್ತಾ ಇರ್ತದೆ, ಮೊದಲು ಹೊಸ ನೀರನ್ನೇ ಟೆಸ್ಟ್ ಮಾಡಿ ನೋಡಿ.

---

ಉಪ್ಪುನೀರು_ಬಸವನಗುಡಿ

ಅಪ್‌ಡೇಟ್ ಕೊಡೋಣ ಅಂತ ಬಂದೆ. ಕಲ್ಲನ್ನ ಎರಡು ಗುಂಪು ಮಾಡಿದ್ದೀನಿ, ಹಿಂದೆ ಈಗ ಕೈ ಹೋಗುತ್ತೆ, ಎಡಗಡೆ ಇನ್ನೊಂದು ವೇವ್‌ಮೇಕರ್ ಬಂತು. ವಾರಕ್ಕೊಂದು ಭಾಗ ಊದಿ ಸೈಫನ್ ಮಾಡ್ತಿದ್ದೀನಿ, ಮೊದಲನೇ ಸಲ ಸಾಕ್ಸ್ ತೆಗೆದಾಗ ಕೈಗೆ ಭಾರ ಗೊತ್ತಾಗೋ ಹಾಗಿತ್ತು. ಸಾಕ್ಸ್ ಜೊತೆಗೆ ದಿಂಬಿಗೆ ತುಂಬೋ ಪಾಲಿಯೆಸ್ಟರ್ ಹತ್ತಿನೂ ಒಂದು ಪದರ ಇಟ್ಟೆ, ಅದು ಇನ್ನೂ ಸಣ್ಣ ಪುಡಿ ಹಿಡೀತಿದೆ, ಕೊಳೆಯಾದ್ರೆ ಎಸೆದು ಹೊಸದು ಇಡ್ತೀನಿ. ಫುಡ್ಡು ತೊಳೆದೇ ಹಾಕ್ತಿದ್ದೀನಿ. ನೈಟ್ರೇಟ್ 25ಕ್ಕೆ ಬಂದಿದೆ, ಫಾಸ್ಫೇಟ್ ಒಣಕಲ್ಲು ಸರ್ ಹೇಳಿದ ಹಾಗೇ ಇಳಿಯೋಕೆ ಸತಾಯಿಸ್ತಿದೆ, 0.2 ಅಂತಾನೇ ಇದೆ. ಅಡುಗೆಮನೆ ಆರ್‌ಓ ನೀರಿಗೆ ಮೀಟರ್ ಇಟ್ರೆ 60 ಬಂತು, ಡಿಐ ಆರ್ಡರ್ ಮಾಡಿದ್ದೀನಿ.

ಇನ್ನೆರಡು ಪ್ರಶ್ನೆ. ಮರಳನ್ನೂ ಹೀಗೇ ಸೈಫನ್ ಮಾಡ್ಬಹುದಾ, ಒಂದೂವರೆ ಇಂಚು ಇದೆ. ಆಮೇಲೆ ಉಪ್ಪಿನ ರೇಟು ನೋಡಿದ್ರೆ ಗಾಬರಿ ಆಗುತ್ತೆ, ಮಂಗಳೂರಲ್ಲಿ ನೆಂಟರಿದ್ದಾರೆ, ಪಣಂಬೂರಿಂದ ಕ್ಯಾನಲ್ಲಿ ಸಮುದ್ರದ ನೀರು ತರಿಸ್ಕೊಂಡು ನೀರು ಬದಲಾಯಿಸಿದ್ರೆ ಹೇಗೆ? ಹಾಗೇ ಬೀಚಲ್ಲಿ ಬಿದ್ದಿರೋ ಹವಳದ ಕಲ್ಲು ಸಿಕ್ರೆ ಒಂದೆರಡು?

---

ಹುಬ್ಬಳ್ಳಿ_ರೀಫ್

ಒಂದೂವರೆ ಇಂಚಿಗೆ ಏನೂ ಚಿಂತಿಲ್ರಿ, ಒಂದು ವಾರ ಕಾಲು ಭಾಗ ಮರಳು ಸೈಫನ್ ಮಾಡ್ರಿ, ಮುಂದಿನ ವಾರ ಬ್ಯಾರೆ ಕಾಲು ಭಾಗ. ನಾಲ್ಕು ಇಂಚಿನ ಮ್ಯಾಲೆ ಇರೋ ಡೀಪ್ ಸ್ಯಾಂಡ್ ಬೆಡ್ ಇದ್ದವರು ಮಾತ್ರ ಕೆದರಬ್ಯಾಡ್ರಿ. ನಸ್ಸಾರಿಯಸ್ ಬಸವನಹುಳ ನಾಕೈದು ಬಿಡ್ರಿ, ಮರಳಿನ್ಯಾಗ ಹೂತಕೊಂಡಿರ್ತಾವು, ಫುಡ್ ಬಿದ್ದ ಕೂಡ್ಲೆ ಮೂಗು ಎತ್ಕೊಂಡು ಮ್ಯಾಲೆ ಏಳ್ತಾವು, ನೋಡಾಕ ಮಜಾ.

---

ಕುಡ್ಲ_ಕಡಲು

ಕಲ್ಲಿನ ವಿಷಯಕ್ಕೆ ಕೈ ಹಾಕ್ಬೇಡಿ. ನಮ್ಮ ದೇಶದ ಕಡಲಿನ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯಡಿ ರಕ್ಷಣೆಯಲ್ಲಿ ಉಂಟು, ಸೀ ಕುಕುಂಬರ್ ಕೂಡ. ಬೀಚಲ್ಲಿ ಬಿದ್ದಿತ್ತು ಅಂತ ಹೇಳಿದ್ರೆ ಯಾರೂ ಕೇಳುವುದಿಲ್ಲ. ನಿಮಗೆ 25 ಕೆಜಿ ಇರುವಾಗ ಇನ್ನು ಕಲ್ಲು ಯಾಕೆ, ಉಳಿದ ಜಾಗದಲ್ಲಿ ನೀರು ಓಡ್ಲಿ.

ನೀರಿನದ್ದು, ಪಣಂಬೂರಿನದ್ದು ಬೇಡ. ಪಕ್ಕದಲ್ಲೇ ಬಂದರು ಉಂಟು, ಹಡಗಿನ ಎಣ್ಣೆ ಗ್ರೀಸ್ ಎಲ್ಲ ಇರ್ತದೆ. ಅದಲ್ಲದೆ ಸ್ವಲ್ಪ ತೆಂಕಕ್ಕೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಅಳಿವೆಯಲ್ಲಿ ಕಡಲು ಸೇರುವುದು, ಜೂನ್‌ನಿಂದ ಮಳೆ ಮುಗಿಯುವವರೆಗೆ ದಡದ ನೀರು ಕೆಂಪು ಕೆಸರು, ಉಪ್ಪೂ ಇಳಿದಿರ್ತದೆ. ಬೇಸಿಗೆಯಲ್ಲಿ ದೋಣಿಯವರು ಯಾರಾದ್ರೂ ಪರಿಚಯ ಇದ್ದು ದಡದಿಂದ ಸಾಕಷ್ಟು ಆಚೆ ಹೋಗಿ ತಂದುಕೊಟ್ರೆ ಆದೀತು, ಅದನ್ನೂ ಹತ್ತಿ ಹಾಕಿ ಸೋಸಿ, ಕತ್ತಲೆಯಲ್ಲಿ ಗಾಳಿ ಬಿಟ್ಟು ಕೆಲವು ದಿನ ಇಟ್ಟು, ಉಪ್ಪು, ನೈಟ್ರೇಟ್, ಫಾಸ್ಫೇಟ್ ಎಲ್ಲ ನೋಡಿ ಹಾಕ್ಬೇಕು. ಅಷ್ಟು ಕಷ್ಟಪಟ್ಟು ಬೆಂಗಳೂರಿಗೆ ಕ್ಯಾನ್ ಸಾಗಿಸುವ ಖರ್ಚು ಲೆಕ್ಕ ಹಾಕಿ ನೋಡಿ, ಉಪ್ಪಿನ ಬಕೆಟೇ ಅಗ್ಗ ಆಗ್ತದೆ. ನಾನು ಕಡಲಿನಿಂದ ನಡೆದು ಹೋಗುವಷ್ಟು ಹತ್ತಿರ ಇದ್ದೂ ಉಪ್ಪು ಕಲಸಿಯೇ ನೀರು ಮಾಡುವುದು.